ಬೀಚ್ ಮರಳಲ್ಲಿ ಉಂಗುರ ಬಿತ್ತಾ? ಡಿಟೆಕ್ಟರ್ ಒಂದೇ ಸಾಲಲ್ಲ, ಸ್ಕೂಪ್ ಕೂಡ ಬೇಕು: ಆಯ್ಕೆ, ಬಳಕೆ, ಕಾನೂನು, ಪೂರ್ತಿ ಮಾಹಿತಿ ಇಲ್ಲಿದೆ

ರಜೆ ದಿನ ಬೀಚ್ ಪಕ್ಕ ಎಳನೀರು, ಚುರುಮುರಿ ಮಾರುವವರಿಗೆ ಇದು ಹೊಸ ವಿಷಯ ಅಲ್ಲ. ನೀರಾಟ ಮುಗಿಸಿ ಬಂದವರು ಕೈ ಒರೆಸಿಕೊಳ್ಳುವಾಗ ಬೆರಳಲ್ಲಿ ಉಂಗುರ ಇರಲ್ಲ. ಇಲ್ಲಾ ಕುತ್ತಿಗೆಯಲ್ಲಿ ಸರ ಇರಲ್ಲ. ಆಮೇಲೆ ಹತ್ತು ಜನ ಸೇರಿ ಕಾಲಲ್ಲಿ ಮರಳು ಕೆದಕುವುದು, ಯಾರೋ ಓಡಿಹೋಗಿ ಸಲಿಕೆ ತರುವುದು. ಅರ್ಧ ಗಂಟೆಯಲ್ಲಿ ಆ ಜಾಗ ಉತ್ತ ಗದ್ದೆ ಥರ ಆಗಿರುತ್ತದೆ. ಅಷ್ಟೊತ್ತಿಗೆ ಉಬ್ಬರದ ನೀರೂ ಹತ್ತಿರ ಬಂದಿರುತ್ತದೆ.

ನೀರಿನ ತಂಪಿಗೆ ಬೆರಳು ಸಣ್ಣಗಾಗುತ್ತದೆ. ಒದ್ದೆ ಚರ್ಮದ ಮೇಲೆ ಉಂಗುರ ಸುಲಭಕ್ಕೆ ಜಾರುತ್ತದೆ. ಬಿದ್ದ ಮೇಲೆ ಅದು ಮರಳಿನ ಮೇಲೆ ನಿಲ್ಲುವುದಿಲ್ಲ. ಮರಳಿನ ಕಣದ ಸಾಂದ್ರತೆ ನೀರಿಗಿಂತ ಸುಮಾರು ಎರಡೂವರೆ ಪಟ್ಟು ಇದ್ದರೆ, ಅಪ್ಪಟ ಚಿನ್ನದ್ದು 19 ಪಟ್ಟಿಗೂ ಹೆಚ್ಚು. ಅಲೆ ಮರಳನ್ನು ಅಲ್ಲಾಡಿಸಿದ ಪ್ರತಿ ಸಲವೂ ಮರಳು ಮೇಲೆ, ಚಿನ್ನ ಕೆಳಗೆ. ಅದಕ್ಕೇ ಕಾಲಲ್ಲಿ ಕೆದಕಿದಷ್ಟೂ ನಷ್ಟವೇ.

ವಿದೇಶಗಳಲ್ಲಿ, ಅದರಲ್ಲೂ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಕಡೆ ಬೀಚಲ್ಲಿ ಲೋಹಶೋಧಕ ಹಿಡಿದು ಓಡಾಡುವುದು ದೊಡ್ಡ ಹವ್ಯಾಸ. ಅಲ್ಲಿಯವರ ಒಂದು ಕೈಯಲ್ಲಿ ಮೆಟಲ್ ಡಿಟೆಕ್ಟರ್ ಇದ್ದರೆ ಇನ್ನೊಂದು ಕೈಯಲ್ಲಿ ಉದ್ದ ಕಾವಿನ, ತೂತು ತೂತಿನ ಬುಟ್ಟಿ ಇರುತ್ತದೆ. ಅದೇ ಸ್ಯಾಂಡ್ ಸ್ಕೂಪ್. ನಮ್ಮ ಕರಾವಳಿಯಲ್ಲಿ ಈ ಹವ್ಯಾಸ ಅಷ್ಟಾಗಿ ಇಲ್ಲ. ಆದರೆ ಕಳೆದ ವಸ್ತು ಹುಡುಕಿಕೊಡುವ ಕೆಲಸಕ್ಕೆ ಈ ಉಪಕರಣ ಇಲ್ಲಿಗೂ ಚೆನ್ನಾಗಿ ಹೊಂದುತ್ತದೆ. ಬೀಚ್ ಪಕ್ಕದ ಅಂಗಡಿ, ಹೋಮ್‌ಸ್ಟೇ, ರೆಸಾರ್ಟ್ ಇಟ್ಟವರಲ್ಲಿ ಊರಿಗೆ ಒಬ್ಬರಾದರೂ ಇದನ್ನು ಇಟ್ಟುಕೊಂಡರೆ ಎಷ್ಟೋ ಜನರ ಉಂಗುರ, ತಾಳಿ ಅಲ್ಲೇ ಉಳಿದುಹೋಗುವುದು ತಪ್ಪುತ್ತದೆ.

ಮೊದಲು ಮಾಡಬೇಕಾದ್ದು: ಯಾರನ್ನೂ ಕೆದಕಲು ಬಿಡಬೇಡಿ

ಸ್ಕೂಪ್ ಮಾತು ಆಮೇಲೆ. ವಸ್ತು ಬಿದ್ದಿದೆ ಅಂತ ಗೊತ್ತಾದ ಕೂಡಲೇ ಮಾಡುವ ಮೂರು ನಿಮಿಷದ ಕೆಲಸವೇ ಮುಖ್ಯ. ಕಳಕೊಂಡವರು ಎಲ್ಲಿ ನಿಂತಿದ್ದರೋ ಅಲ್ಲಿ ಒಂದು ಕೋಲು ನೆಡಿ. ಅಲ್ಲಿಂದ ಕಾಣುವ ಎರಡು ಗುರುತು ಹಿಡಿಯಿರಿ: ಎದುರಿಗೆ ಒಂದು ತೆಂಗಿನ ಮರ ಅಥವಾ ಲೈಟ್ ಕಂಬ, ಪಕ್ಕಕ್ಕೆ ಒಂದು ಅಂಗಡಿಯ ಮೂಲೆ. ಮೊಬೈಲಲ್ಲಿ ಎರಡೂ ದಿಕ್ಕಿನ ಫೋಟೋ ತೆಗೆಯಿರಿ, ಲೊಕೇಶನ್ ಸೇವ್ ಮಾಡಿ. ಉಬ್ಬರ ಬಂದು ಕೋಲು ಹೋದರೂ ಈ ಎರಡು ಗೆರೆ ಕೂಡುವ ಜಾಗ ಇಳಿತದಲ್ಲಿ ಮತ್ತೆ ಸಿಗುತ್ತದೆ. ಮೊಬೈಲ್ ಲೊಕೇಶನ್ ಐದು ಮೀಟರ್ ಆಚೀಚೆ ಆಗುವುದುಂಟು. ಹಾಗಾಗಿ ಅದನ್ನೊಂದೇ ನಂಬಿ ಕೂರಬಾರದು.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ, ಅಷ್ಟಮಿ ಹೊತ್ತಿಗೆ ಏರಿಳಿತ ಕಮ್ಮಿ. ಮೀನುಗಾರರ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಇದು ಗೊತ್ತು. ಸೊಂಟದ ನೀರಲ್ಲಿ ಬಿದ್ದ ಉಂಗುರ ಅಮಾವಾಸ್ಯೆ ಇಳಿತದಲ್ಲಿ ಮೊಣಕಾಲು ನೀರಿಗೆ ಬರಬಹುದು. ಹಾಗಂತ ವಾರಗಟ್ಟಲೆ ಕಾಯುವ ಹಾಗಿಲ್ಲ. ಮೊದಲ ಇಳಿತವೇ ಒಳ್ಳೆಯ ಅವಕಾಶ.

ಸ್ಕೂಪ್ ಅಂದ್ರೆ ಏನು?

ಎಣ್ಣೆಯಿಂದ ಬೋಂಡಾ ಎತ್ತುವ ಜಾಲರಿ ಸೌಟು ನೋಡಿದವರಿಗೆ ಬೇರೆ ವಿವರಣೆ ಬೇಡ. ಎಣ್ಣೆ ಕೆಳಗೆ ಇಳಿಯುತ್ತದೆ, ಬೋಂಡಾ ಉಳಿಯುತ್ತದೆ. ಇಲ್ಲಿ ಮರಳು ಇಳಿದು ಉಂಗುರ ಉಳಿಯಬೇಕು. ಸಲಿಕೆಗೂ ಇದಕ್ಕೂ ವ್ಯತ್ಯಾಸ ಅಷ್ಟೇ: ಸಲಿಕೆ ಅಗೆಯುತ್ತದೆ, ಜರಡಿ ಜಾಲಿಸುತ್ತದೆ, ಸ್ಕೂಪ್ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಡಿಟೆಕ್ಟರ್ ‘ಇಲ್ಲಿದೆ’ ಅಂತ ಕೂಗಿದ ಮೇಲೆ ಅದನ್ನು ಕೈಗೆ ತಂದುಕೊಡುವುದು ಇದೇ. ನೀರೊಳಗೆ ಸಲಿಕೆ ಹಾಕಿದರೆ ಎತ್ತುವಷ್ಟರಲ್ಲಿ ಮರಳೆಲ್ಲ ತೊಳೆದು ಹೋಗಿರುತ್ತದೆ, ಅದರ ಜೊತೆ ಉಂಗುರವೂ.

ಇದರಲ್ಲಿ ಎರಡು ಜಾತಿ. ಒಂದು ಕೈ ಸ್ಕೂಪ್: ಮೊಳಕ್ಕಿಂತ ಚಿಕ್ಕದು, ಕೂತು ಬಳಸುವಂಥದ್ದು, ಒಣ ಮರಳಿಗೆ. ಇನ್ನೊಂದು ಉದ್ದ ಕಾವಿನದು: ನಿಂತು ಬಳಸುವಂಥದ್ದು, ಒದ್ದೆ ಮರಳಿಗೆ, ನೀರಿಗೆ. ಒಂದೇ ತಗೊಳ್ಳೋದಾದ್ರೆ ಉದ್ದದ್ದೇ ತಗೊಳ್ಳಿ. ಒಣ ಮರಳಲ್ಲಿ ಉದ್ದದ್ದು ಸ್ವಲ್ಪ ರಗಳೆ ಆದರೂ ಕೆಲಸ ನಡೆಯುತ್ತದೆ. ನೀರಲ್ಲಿ ಕೈ ಸ್ಕೂಪ್ ಹಿಡಿದು ಬಗ್ಗಿದವರಿಗೆ ಮಾತ್ರ ಅಲೆ ಮುಖಕ್ಕೇ ಹೊಡೆಯುತ್ತದೆ.

ಪ್ಲಾಸ್ಟಿಕ್ ಕೈ ಸ್ಕೂಪಿಗೆ ಒಂದು ಅನುಕೂಲ ಇದೆ, ಅದನ್ನು ಮರೆಯುವಂತಿಲ್ಲ. ಪ್ಲಾಸ್ಟಿಕ್ಕಿಗೆ ಡಿಟೆಕ್ಟರ್ ಕೂಗಲ್ಲ. ಮರಳು ತುಂಬಿದ ಸ್ಕೂಪನ್ನೇ ಡಿಟೆಕ್ಟರ್ ತಟ್ಟೆಯ ಮುಂದೆ ಹಿಡಿದು, ವಸ್ತು ಬಂತೋ ಇಲ್ಲವೋ ನೋಡಬಹುದು. ಉಕ್ಕಿನ ಸ್ಕೂಪಲ್ಲಿ ಆ ಸೌಕರ್ಯ ಇಲ್ಲ, ಸ್ಕೂಪಿಗೇ ಡಿಟೆಕ್ಟರ್ ಕಿರುಚುತ್ತದೆ. ಆದರೆ ಒದ್ದೆ ಮರಳಿಗೆ ಪ್ಲಾಸ್ಟಿಕ್ ಹಾಕಿದರೆ ಬಾಯಿ ಬಳುಕಿ ಎರಡು ದಿನದಲ್ಲಿ ಸೀಳು ಬಿಡುತ್ತದೆ.

ತೂತಿನ ಅಳತೆಯಲ್ಲೇ ಎಲ್ಲಾ ಇದೆ

ಸ್ಕೂಪ್ ತಗೊಳ್ಳುವಾಗ ಜನ ನೋಡುವುದು ಹೊಳಪು. ನೋಡಬೇಕಾದ್ದು ತೂತು. ಮಾರುಕಟ್ಟೆಯ ಒದ್ದೆ ಮರಳಿನ ಸ್ಕೂಪುಗಳಲ್ಲಿ ತೂತು ಸಾಮಾನ್ಯವಾಗಿ 10ರಿಂದ 12 ಮಿ.ಮೀ. ಇರುತ್ತದೆ. ಇದಕ್ಕಿಂತ ಸಣ್ಣದಾದರೆ ಮರಳು ಬೇಗ ಇಳಿಯಲ್ಲ, ಚಿಪ್ಪಿನ ಚೂರು ಸಿಕ್ಕಿಹಾಕಿಕೊಂಡು ತೂತು ಕಟ್ಟುತ್ತದೆ, ನೀರಲ್ಲಿ ಎಳೆಯುವಾಗ ಬಕೆಟ್ ಎಳೆದ ಹಾಗೆ ಭಾರ. ದೊಡ್ಡದಾದರೆ ಕೆಲಸ ಬೇಗ, ಚಿನ್ನವೂ ಬೇಗ ಕೆಳಗೆ.

ಲೆಕ್ಕ ಹಾಕಿ ನೋಡಿ. 2019ರಲ್ಲಿ ಬಂದ ಹೊಸ ಸರಣಿಯ 1 ರೂಪಾಯಿ ನಾಣ್ಯದ ಅಗಲ 20 ಮಿ.ಮೀ., 10 ಮತ್ತು 20 ರೂಪಾಯಿಯದ್ದು 27 ಮಿ.ಮೀ. ಇವು 12 ಮಿ.ಮೀ. ತೂತಲ್ಲಿ ಅಡ್ಡಡ್ಡ ಹೋದರೂ ತೂರಲ್ಲ. ದೊಡ್ಡವರ ಬೆರಳಿನ ಉಂಗುರವೂ ಅಷ್ಟೇ, ನಿಲ್ಲುತ್ತದೆ. ಮಕ್ಕಳ ಉಂಗುರ, ಕಾಲುಂಗುರ ಅಂಚಿನ ಮೇಲಿರುತ್ತವೆ, ಹೆಚ್ಚಾಗಿ ನಿಲ್ಲುತ್ತವೆ. ಓಲೆ, ಮೂಗುಬೊಟ್ಟು, ಓಲೆಯ ತಿರುಪು ಇವೆಲ್ಲ ಖಂಡಿತ ಕೆಳಗೆ. ಸರ ಇನ್ನೂ ಮೋಸ. ಕೊಂಡಿ ಕೊಂಡಿಯಾಗಿ ಹಾವಿನ ಥರ ತೂತಿನಿಂದ ಜಾರಿ ಹೋಗುತ್ತದೆ.

ಸರದ ಬಗ್ಗೆ ಇನ್ನೂ ಒಂದು ವಿಷಯ ಇಲ್ಲೇ ಹೇಳಿಬಿಡುವುದು ಒಳ್ಳೇದು, ಯಾಕಂದ್ರೆ ನಮ್ಮಲ್ಲಿ ಕಳೆದರೆ ಎಲ್ಲಕ್ಕಿಂತ ದುಃಖ ಆಗುವುದು ಕರಿಮಣಿ ಸರಕ್ಕೆ. ಡಿಟೆಕ್ಟರಿಗೆ ಸಣ್ಣ ಎಳೆಯ ಚಿನ್ನದ ಸರ ಒಂದು ದೊಡ್ಡ ವಸ್ತುವಾಗಿ ಕಾಣಲ್ಲ, ಒಂದೊಂದು ಕೊಂಡಿ ಒಂದೊಂದು ಚೂರಾಗಿ ಕಾಣುತ್ತದೆ. ಹತ್ತು ಗ್ರಾಂ ಸರಕ್ಕಿಂತ ಮೂರು ಗ್ರಾಂ ಉಂಗುರಕ್ಕೇ ಅದು ಜೋರಾಗಿ ಕೂಗಬಹುದು. ಗಾಜಿನ ಕರಿಮಣಿಗಂತೂ ಕೂಗುವುದೇ ಇಲ್ಲ. ಇಂಥಲ್ಲಿ ಹುಡುಕಬೇಕಾದ್ದು ಸರವನ್ನಲ್ಲ, ಅದರಲ್ಲಿರುವ ತಾಳಿಯನ್ನು. ಸರಕ್ಕೆ ತಾಳಿ, ದಪ್ಪ ಗುಂಡು, ಪದಕ ಏನಿತ್ತು ಅಂತ ಮೊದಲೇ ಕೇಳಿ ತಿಳಿದುಕೊಳ್ಳಿ. ಕರಿಮಣಿ ಕಣ್ಣಿಗೆ ಬಿದ್ದರೆ ಅದೇ ದೊಡ್ಡ ಸುಳಿವು, ಅಲ್ಲಿಂದ ಸ್ಕೂಪ್ ಬಿಟ್ಟು ಸಣ್ಣ ಜರಡಿಗೆ ಬನ್ನಿ.

ಓಲೆ, ಸರದ ಕೆಲಸಕ್ಕೆ ಸ್ಕೂಪಿನ ಒಳಗೆ ಕೂರುವ ಹಾಗೆ 4 ಮಿ.ಮೀ. ಕಣ್ಣಿನ ಸ್ಟೀಲ್ ಜಾಲರಿಯ ಒಂದು ತುಂಡು ಸುರುಳಿ ಮಾಡಿ ಇಟ್ಟುಕೊಂಡರೆ ಒಂದೇ ಸ್ಕೂಪ್ ಎರಡಕ್ಕೂ ಆಗುತ್ತದೆ. ನಿಧಾನ ಆಗುತ್ತದೆ ಅಷ್ಟೇ.

ಬುಟ್ಟಿ ದೊಡ್ಡದಾದಷ್ಟೂ ಒಳ್ಳೇದು ಅನ್ನೋದು ತಪ್ಪು

6 ಇಂಚು ಅಗಲ, 8 ಇಂಚು ಉದ್ದದ ಬುಟ್ಟಿಯಲ್ಲಿ ಸುಮಾರು ಮೂರೂವರೆ ಲೀಟರ್ ಹಿಡಿಯುತ್ತದೆ. ಒದ್ದೆ ಮರಳು ಲೀಟರಿಗೆ ಹತ್ತಿರ ಹತ್ತಿರ 2 ಕೆ.ಜಿ. ಅಂದರೆ ತುಂಬಿ ಎತ್ತಿದರೆ 7 ಕೆ.ಜಿ., ಸ್ಕೂಪಿನ ತೂಕ ಬೇರೆ. ಇದನ್ನೇ 8 ಇಂಚು ಅಗಲ, 10 ಇಂಚು ಉದ್ದ ಮಾಡಿದರೆ ಮರಳೇ 15 ಕೆ.ಜಿ. ದಾಟುತ್ತದೆ. ಒಂದು ಸಲ ಎತ್ತಬಹುದು. ನೂರು ಸಲ ಎತ್ತಿದ ಮೇಲೆ ಮರುದಿನ ಅಂಗಡಿ ಬಾಗಿಲು ತೆಗೆಯಲಿಕ್ಕೆ ಬೆನ್ನು ಏಳಲ್ಲ. 6 ಇಂಚು ಅಗಲ ಸಾಕು.

ಬಾಯಿಯ ಅಂಚು ಹೊರಗೆ ಚಾಚಿಕೊಂಡು, ಸ್ವಲ್ಪ ಚೂಪಾಗಿರಬೇಕು. ಚಿಪ್ಪು, ಜಂಬಿಟ್ಟಿಗೆ ಕಲ್ಲಿನ ಚೂರು ಇರುವ ಕಡೆ ಮಧ್ಯಕ್ಕೆ ಮೊನೆ ಬಂದ ಬಾಯಿ ಸುಲಭವಾಗಿ ಇಳಿಯುತ್ತದೆ. ಬರೀ ಮರಳಿಗೆ ನೇರ ಬಾಯಿಯೇ ಸಾಕು. ಬುಟ್ಟಿಯ ಹಿಂಭಾಗದ ಮೇಲೆ ಪಾದ ಇಟ್ಟು ತುಳಿಯಲು ಒಂದು ಪಟ್ಟಿ ಬೇಕೇ ಬೇಕು. ಅದಿಲ್ಲದ ಸ್ಕೂಪ್ ಕೈಯ ಬಲದ ಮೇಲೇ ನಡೆಯಬೇಕಾಗುತ್ತದೆ. ಕಾವು ಬುಟ್ಟಿಗೆ ಒಂದೇ ಕಡೆ ಬೆಸುಗೆ ಆಗಿದ್ದರೆ ಬೇಡ ಅನ್ನಿ. ಹಿಂದೆ ಒಂದು, ಮುಂದೆ ಒಂದು, ಎರಡು ಕಡೆ ಹಿಡಿತ ಇರಬೇಕು. ಮೀಟಿ ಎತ್ತುವಾಗ ಪೂರ್ತಿ ಭಾರ ಬೀಳುವುದು ಅಲ್ಲೇ, ಮುರಿಯುವುದೂ ಅಲ್ಲೇ.

ಕಾವಿನ ಉದ್ದಕ್ಕೆ ನಿಯಮ ಸರಳ. ಸ್ಕೂಪ್ ನೆಲಕ್ಕೆ ಊರಿ ನಿಂತಾಗ ಹಿಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಮರದ ಕಾವು ಹಗುರ, ಕೈಗೆ ಹಿತ, ಮುರಿದರೆ ಊರಲ್ಲೇ ಬದಲಿಸಬಹುದು. ಸ್ಟೀಲ್ ಪೈಪ್ ಆದರೆ ಎರಡೂ ತುದಿ ಮುಚ್ಚಿರಬೇಕು, ಇಲ್ಲಾಂದ್ರೆ ಒಳಗೆ ನೀರು ಮರಳು ತುಂಬಿ ಕಾವೇ ಒಂದು ಹೊರೆ. ವಿದೇಶದಲ್ಲಿ ಕಾರ್ಬನ್ ಫೈಬರ್ ಕಾವು, ಟೈಟಾನಿಯಂ ಬುಟ್ಟಿ ಕೂಡ ಸಿಗುತ್ತವೆ. ಹಗುರ ಹೌದು, ಆದರೆ ಆ ದುಡ್ಡಿಗೆ ಇಲ್ಲಿ ಉಂಗುರವೇ ಬರುತ್ತದೆ.

ಊರ ವೆಲ್ಡಿಂಗ್ ಶಾಪಲ್ಲಿ ಮಾಡಿಸಬಹುದಾ?

ಧಾರಾಳವಾಗಿ ಮಾಡಿಸಬಹುದು. ಗ್ರಿಲ್, ಗೇಟ್, ಹೋಟೆಲ್ ಅಡುಗೆಮನೆಯ ಸ್ಟೀಲ್ ಕೆಲಸ ಮಾಡುವವರಿಗೆ ಇದು ದೊಡ್ಡ ವಿದ್ಯೆ ಅಲ್ಲ. ತೂತು ಹೊಡೆದ ಸ್ಟೀಲ್ ಶೀಟ್ ರೆಡಿ ಸಿಗುತ್ತದೆ. ಅದನ್ನು ಸುರುಳಿ ಮಾಡಿ, ಹಿಂದೆ ತೂತಿನದೇ ತಳ ಹಾಕಿ, ಬಾಯಿಗೆ 2 ಮಿ.ಮೀ. ದಪ್ಪದ ಪಟ್ಟಿ ಕೊಟ್ಟರೆ ಬುಟ್ಟಿ ಆಯ್ತು. ಬುಟ್ಟಿಯ ಶೀಟ್ ಒಂದೂವರೆ ಮಿ.ಮೀ. ಸಾಕು. ಬುಟ್ಟಿಯನ್ನು ಕಾವಿಗೆ ಓರೆಯಾಗಿ ಕೂರಿಸಲು ಹೇಳಿ. ಕಾವು ನೆಟ್ಟಗೆ ಇದ್ದಾಗ ಬಾಯಿ ಓರೆಯಾಗಿ ಮರಳಿಗೆ ಇಳಿಯಬೇಕು, ಕಾವನ್ನು ಹಿಂದಕ್ಕೆ ಎಳೆದಾಗ ಬಾಯಿ ಮೇಲಾಗಬೇಕು.

ಮೋಸ ಹೋಗುವುದು ಸ್ಟೀಲ್ ಜಾತಿಯಲ್ಲಿ. ಸಮುದ್ರದ ನೀರಿಗೆ 316 ಎಲ್ಲಕ್ಕಿಂತ ಒಳ್ಳೇದು, 304 ಸಾಕು. ಅಗ್ಗಕ್ಕೆ ಸಿಗುವ 202 ನೋಡಲು ಅದೇ ಥರ, ಆದರೆ ಉಪ್ಪಿಗೆ ಬೇಗ ತುಕ್ಕಿನ ಚುಕ್ಕೆ ಬರುತ್ತದೆ. ಮ್ಯಾಗ್ನೆಟ್ ಹಿಡಿದು ನೋಡಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. ಅದು ಅರ್ಧ ಸತ್ಯ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ಅಲ್ಲ ಅಂತ ಹೇಳಬಹುದು. ಅಂಟದಿದ್ದರೆ 304 ಅಂತ ಹೇಳಲಾಗುವುದಿಲ್ಲ, ಯಾಕಂದ್ರೆ 202 ಕೂಡ ಅಂಟಲ್ಲ. ಬಿಲ್ಲಲ್ಲಿ ಗ್ರೇಡ್ ಬರೆಸಿಕೊಳ್ಳುವುದೇ ದಾರಿ. ಬೆಸುಗೆಗೆ ಸ್ಟೇನ್‌ಲೆಸ್ ರಾಡ್ ಅಥವಾ ಆರ್ಗಾನ್ ವೆಲ್ಡಿಂಗ್ ಬೇಕು. ಮಾಮೂಲಿ ಕಬ್ಬಿಣದ ರಾಡ್ ಹಾಕಿದರೆ ಮೊದಲ ಮಳೆಗಾಲಕ್ಕೇ ಜಾಯಿಂಟ್ ಕೆಂಪಾಗುತ್ತದೆ.

ಬರೀ ಕಬ್ಬಿಣದಲ್ಲಿ ಮಾಡಿಸಿ ಪೇಂಟ್ ಹೊಡೆಯುವ ಯೋಚನೆ ಇದ್ದರೆ, ಮರಳು ಆ ಪೇಂಟನ್ನು ಉಜ್ಜು ಕಾಗದದ ಥರ ಕೆರೆದು ತೆಗೆಯುತ್ತದೆ. ವರ್ಷಕ್ಕೆ ನಾಲ್ಕು ಸಲ ಬಳಸುವವರಿಗೆ ಪರವಾಗಿಲ್ಲ. ಬುಟ್ಟಿಯ ಅಂಚು, ತೂತಿನ ಒಳಬದಿ ಚೂಪಾಗಿ ಉಳಿಯದ ಹಾಗೆ ಗ್ರೈಂಡ್ ಮಾಡಿಸಿ. ಮರಳಲ್ಲಿ ಕೈಯಾಡಿಸಿ ಹುಡುಕುವುದು ಬರಿಗೈಯಲ್ಲೇ ಅಲ್ವಾ.

ಬಳಸುವ ಕ್ರಮ

ಡಿಟೆಕ್ಟರನ್ನು ಒಂದು ದಿಕ್ಕಲ್ಲಿ ಆಡಿಸಿ, ಕೂಗಿದ ಜಾಗದಲ್ಲಿ ಅಡ್ಡ ದಿಕ್ಕಲ್ಲೂ ಆಡಿಸಿ. ಎರಡು ಗೆರೆ ಕತ್ತರಿಸುವ ಜಾಗವೇ ಗುರಿ. ಈ ಹೊತ್ತಲ್ಲಿ ಸ್ಕೂಪ್ ಬೆನ್ನ ಹಿಂದೆ, ದೂರ ಇರಬೇಕು. ಉಕ್ಕಿನ ಸ್ಕೂಪನ್ನು ಪಕ್ಕದಲ್ಲೇ ಎಳೆಯುತ್ತಾ ಹೋದರೆ ಡಿಟೆಕ್ಟರ್ ಅದಕ್ಕೇ ಕೂಗುತ್ತಿರುತ್ತದೆ. ಇದೇನು ಹೊಸ ಸಮಸ್ಯೆ ಅಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ದೇಹದಲ್ಲಿದ್ದ ಗುಂಡು ಹುಡುಕಲು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇಂಥದ್ದೇ ಯಂತ್ರ ತಂದಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಉಕ್ಕಿನ ಸ್ಪ್ರಿಂಗ್ ಯಂತ್ರವನ್ನು ದಾರಿ ತಪ್ಪಿಸಿತ್ತು ಅನ್ನುವುದು ಅದಕ್ಕೆ ಕೊಡುವ ಒಂದು ಕಾರಣ.

ಗುರಿಯ ಮೇಲೇ ಸ್ಕೂಪ್ ಇಳಿಸಬೇಡಿ. ಉಂಗುರದ ಕಲ್ಲು ಒಡೆಯುತ್ತದೆ, ಮೆತ್ತಗಿನ ಚಿನ್ನ ಗೀರು ಬೀಳುತ್ತದೆ. ಗುರಿಯಿಂದ ನಾಲ್ಕೈದು ಇಂಚು ಹಿಂದೆ ಬಾಯಿ ಇಟ್ಟು, ಹಿಮ್ಮಡಿಯಿಂದ ತುಳಿದು, ಕಾವನ್ನು ಹಿಂದಕ್ಕೆ ಬಾಗಿಸಿ. ಕಾವು ಬಾಗಿದಾಗ ಮರಳಿನ ಮುದ್ದೆ ತಾನೇ ಬುಟ್ಟಿಗೆ ಬರುತ್ತದೆ. ಬೆನ್ನಿಂದ ಎತ್ತುವುದಲ್ಲ, ಮೀಟುವುದು.

ಎತ್ತಿದ ಮೇಲೆ ಜಾಲಿಸುವ ಮೊದಲು ಗುಂಡಿಯ ಮೇಲೆ ಮತ್ತೊಮ್ಮೆ ಡಿಟೆಕ್ಟರ್ ಆಡಿಸಿ. ಶಬ್ದ ಗುಂಡಿಯಲ್ಲೇ ಇದ್ದರೆ ವಸ್ತು ಇನ್ನೂ ಕೆಳಗಿದೆ. ಶಬ್ದ ನಿಂತಿದ್ದರೆ ಅದು ಸ್ಕೂಪಲ್ಲಿದೆ ಅಥವಾ ಪಕ್ಕಕ್ಕೆ ಸರಿದಿದೆ. ಈ ಒಂದು ಅಭ್ಯಾಸ ಇಲ್ಲದೆ ಸುಮ್ಮನೆ ಅಗೆಯುತ್ತಾ ಹೋದವರು ಮೊದಲನೇ ಸ್ಕೂಪಲ್ಲೇ ಬಂದಿದ್ದ ಉಂಗುರವನ್ನು ಎರಡನೇ ಗುಂಡಿಯ ಮರಳಡಿ ಹೂತುಬಿಡುತ್ತಾರೆ.

ಒಣ ಮರಳಾದರೆ ನಾಲ್ಕು ಸಲ ಅಲ್ಲಾಡಿಸಿದರೆ ಎಲ್ಲಾ ಇಳಿಯುತ್ತದೆ. ಒದ್ದೆ ಮರಳು ಇಳಿಯಲ್ಲ, ರಾಗಿ ಮುದ್ದೆ ಥರ ಕೂತಿರುತ್ತದೆ. ನೀರಿನಂಚು ಹತ್ತಿರ ಇದ್ದರೆ ಹೋಗಿ ನೀರಲ್ಲಿ ಅದ್ದಿ ಆಡಿಸಿ. ದೂರ ಇದ್ದರೆ ಮುದ್ದೆಯನ್ನು ಅಲ್ಲೇ ನೆಲಕ್ಕೆ ಸುರಿದು, ಕಾಲಲ್ಲಿ ತೆಳ್ಳಗೆ ಹರಡಿ, ಮೇಲೆ ಡಿಟೆಕ್ಟರ್ ಆಡಿಸುವುದು ಬೇಗ ಆಗುತ್ತದೆ.

ನೀರೊಳಗಿನ ಕೆಲಸ ಬೇರೆಯೇ. ಗುರಿ ಸಿಕ್ಕ ಕೂಡಲೇ ಪಾದದ ತುದಿಯನ್ನು ಡಿಟೆಕ್ಟರ್ ತಟ್ಟೆಯ ಪಕ್ಕ ಊರಿ, ತಟ್ಟೆ ತೆಗೆದು, ಪಾದವನ್ನೇ ಗುರುತು ಮಾಡಿಕೊಂಡು ಸ್ಕೂಪ್ ಇಳಿಸಬೇಕು. ಅಲೆ ಗುಂಡಿಯನ್ನು ಕ್ಷಣದಲ್ಲಿ ಮುಚ್ಚುತ್ತದೆ. ಹಾಗಾಗಿ ನಿಧಾನಕ್ಕೆ ನಾಲ್ಕು ಸಣ್ಣ ಸ್ಕೂಪ್ ತೆಗೆಯುವುದಕ್ಕಿಂತ ಆಳಕ್ಕೆ ಒಂದೇ ಸಲ ಹಾಕುವುದು ಉತ್ತಮ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಪಕ್ಕಕ್ಕೆ ತಿರುಗಿ ನಿಂತು ಬರುವ ಅಲೆ ನೋಡುತ್ತಿರಿ. ಸೊಂಟಕ್ಕಿಂತ ಮೇಲಿನ ನೀರಿಗೆ ಹೋಗಬಾರದು, ಒಬ್ಬರೇ ಹೋಗಬಾರದು. ಮಳೆಗಾಲದಲ್ಲಿ ನೀರಿಗೆ ಇಳಿಯುವ ಮಾತೇ ಬೇಡ. ಲೈಫ್‌ಗಾರ್ಡ್ ವಿಶಲ್ ಹಾಕಿದರೆ ಉಂಗುರ ಎಷ್ಟೇ ಬೆಲೆಯದ್ದಾದರೂ ಮೇಲೆ ಬರಬೇಕು.

ಡಿಟೆಕ್ಟರ್ ಬಗ್ಗೆ ಎರಡು ಮಾತು

ಉಪ್ಪುನೀರು ವಿದ್ಯುತ್ ಹರಿಸುತ್ತದೆ. ಅದಕ್ಕೇ ಒದ್ದೆ ಮರಳಲ್ಲಿ ಅಗ್ಗದ, ಒಂದೇ ಫ್ರೀಕ್ವೆನ್ಸಿಯ ಡಿಟೆಕ್ಟರ್ ಏನೂ ಇಲ್ಲದಿದ್ದರೂ ಕೂಗುತ್ತದೆ. ಬೀಚಿಗೆ ಮಲ್ಟಿ ಫ್ರೀಕ್ವೆನ್ಸಿ ಅಥವಾ ಪಲ್ಸ್ ಇಂಡಕ್ಷನ್ ಮಾದರಿ ಬೇಕು. ಆಸ್ಟ್ರೇಲಿಯಾದ ಮೈನ್‌ಲ್ಯಾಬ್, ಅಮೆರಿಕದ ಗ್ಯಾರೆಟ್, ಟರ್ಕಿಯ ನೋಕ್ಟಾ ಈ ಕ್ಷೇತ್ರದಲ್ಲಿ ಹೆಸರು ಮಾಡಿದ ಕಂಪನಿಗಳು. ನಮ್ಮ ತೀರದಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಮರಳಿನ ಪಟ್ಟಿಯಲ್ಲಿ ಕಬ್ಬಿಣದ ಅಂಶ ಇರುವ ಖನಿಜ ಇರುತ್ತದೆ, ಅಲ್ಲಿ ಒಳ್ಳೆಯ ಯಂತ್ರವೂ ತಡವರಿಸುತ್ತದೆ. ಸೆನ್ಸಿಟಿವಿಟಿ ಕಮ್ಮಿ ಮಾಡಿ, ನಿಧಾನಕ್ಕೆ ಆಡಿಸಬೇಕು.

ಪರದೆಯ ಮೇಲಿನ ನಂಬರ್ ನೋಡಿ ‘ಇದು ಕಸ’ ಅಂತ ಬಿಡಬಾರದು. ಚಿನ್ನ, ಅಲ್ಯೂಮಿನಿಯಂ ಚೂರು, ಬಲೆಗೆ ಕಟ್ಟುವ ಸೀಸದ ಗುಂಡು, ಮೂರೂ ಹೆಚ್ಚುಕಮ್ಮಿ ಒಂದೇ ಥರ ಕೂಗಬಹುದು. ಮೀನುಗಾರಿಕೆ ಇರುವ ತೀರದಲ್ಲಿ ಹತ್ತು ಸಲ ಅಗೆದರೆ ಸೀಸ, ಬಾಟ್ಲಿ ಮುಚ್ಚಳ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೇ ಜಾಸ್ತಿ. ತುಕ್ಕು ಹಿಡಿದ ಗಾಳವೂ ಬರುತ್ತದೆ, ಹಾಗಾಗಿ ಒಂದು ಕೈಗಾದರೂ ದಪ್ಪ ಗ್ಲೌಸ್ ಇರಲಿ. ಬಂದ ಕಸವನ್ನು ವಾಪಸ್ ಮರಳಿಗೆ ಹಾಕದೆ ಚೀಲಕ್ಕೆ ಹಾಕಿಕೊಳ್ಳಿ, ಇಲ್ಲಾಂದ್ರೆ ನಾಳೆ ಮತ್ತೆ ಅದಕ್ಕೇ ಅಗೆಯಬೇಕು.

ಡಿಟೆಕ್ಟರ್ ಇಲ್ಲದಿದ್ದರೆ? ಒಣ ಮರಳಲ್ಲಿ ಬಿದ್ದಿದ್ದರೆ ಬರೀ ಸ್ಕೂಪ್, ಜರಡಿಯಿಂದಲೂ ಹುಡುಕಬಹುದು. ಹಗ್ಗ ಕಟ್ಟಿ ಒಂದೊಂದು ಮೀಟರಿನ ಚೌಕ ಮಾಡಿ, ಎರಡು ಇಂಚು ಪದರ ಮಾತ್ರ ತೆಗೆದು ಜಾಲಿಸಿ, ಜಾಲಿಸಿದ ಮರಳನ್ನು ಮುಗಿದ ಚೌಕಕ್ಕೇ ಹಾಕುತ್ತಾ ಹೋಗಬೇಕು. ರೆಸಾರ್ಟ್, ಕಲ್ಯಾಣ ಮಂಟಪದ ಸೆಕ್ಯುರಿಟಿಯವರ ಕೈಯಲ್ಲಿರುವ ಕೋಲಿನಂಥ ಡಿಟೆಕ್ಟರ್ ನೆಲದಾಳ ನೋಡಲ್ಲ. ಆದರೆ ತೆಗೆದ ಒಣ ಮರಳನ್ನು ತೆಳ್ಳಗೆ ಹರಡಿ ಮೇಲೆ ಆಡಿಸಲಿಕ್ಕೆ ಅದು ಸಾಕಾಗುತ್ತದೆ.

ಎಲ್ಲಿ ಅಗೆಯಬಾರದು

ಗುಂಡಿ ಮುಚ್ಚುವುದು ಸೌಜನ್ಯದ ಮಾತಷ್ಟೇ ಅಲ್ಲ. ಬೆಳಗಿನ ಜಾವ ರಂಪಣಿ ಬಲೆ ಎಳೆಯುವವರು ಹಿಂದೆ ನೋಡದೆ ಹಿಂದಕ್ಕೆ ನಡೆಯುತ್ತಾರೆ, ದೋಣಿ ಎಳೆಯುವವರ ಕಣ್ಣು ದೋಣಿ ಮೇಲಿರುತ್ತದೆ. ಒಂದು ಅಡಿ ಗುಂಡಿ ಸಾಕು, ಕಾಲು ಮುರಿಯಲಿಕ್ಕೆ.

ನವೆಂಬರಿನಿಂದ ಮಾರ್ಚ್ ತನಕ ಕಡಲಾಮೆಗಳು ಮೊಟ್ಟೆ ಇಡುವ ಕಾಲ. ಹೊನ್ನಾವರದ ಕಾಸರಕೋಡ ಟೊಂಕ, ಕುಂದಾಪುರದ ಕೋಡಿ ಭಾಗಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ದಡ ಹತ್ತುತ್ತವೆ. ಉಬ್ಬರದ ಗೆರೆಗಿಂತ ಮೇಲಿನ ಒಣ ಮರಳಲ್ಲಿ ಸುಮಾರು ಒಂದೂವರೆ ಅಡಿ ಆಳಕ್ಕೆ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತವೆ, ಮರಿ ಬರಲು ಒಂದೂವರೆಯಿಂದ ಎರಡು ತಿಂಗಳು ಬೇಕು. ಸ್ಕೂಪ್ ಇಳಿಯುವುದೂ ಅಷ್ಟೇ ಆಳಕ್ಕೆ. ಅರಣ್ಯ ಇಲಾಖೆ ಬೇಲಿ ಹಾಕಿದ ಜಾಗದ ಹತ್ತಿರ ಸುಳಿಯಬೇಡಿ, ಬೇಲಿ ಇಲ್ಲದಿದ್ದರೂ ಆಮೆ ತೆವಳಿದ ಗುರುತು ಕಂಡರೆ ಇಲಾಖೆಗೆ ತಿಳಿಸಿ. ಕಡಲಾಮೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಗೂಡು ಹಾಳಾದರೆ ‘ಉಂಗುರ ಹುಡುಕ್ತಿದ್ದೆ’ ಅನ್ನುವ ಮಾತು ನಡೆಯಲ್ಲ.

ಕೋಟೆ, ಹಳೇ ದೇವಸ್ಥಾನದ ಹತ್ತಿರ ಡಿಟೆಕ್ಟರ್ ತೆಗೆಯಲೇಬಾರದು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ನಮ್ಮ ರಾಜ್ಯದಲ್ಲಿ ನಿಧಿಗಳ್ಳರ ಕಾಟ ಎಷ್ಟಿದೆ ಅಂತ ಹೇಳಬೇಕಾಗಿಲ್ಲ. ರಾತ್ರಿ ಹೊತ್ತು ಡಿಟೆಕ್ಟರ್, ಸಲಿಕೆ ಹಿಡಿದು ಹೋದವರನ್ನು ಊರವರು ಏನೆಂದು ತಿಳಿಯುತ್ತಾರೆ ಅನ್ನುವುದೂ ಗೊತ್ತಿದ್ದದ್ದೇ. ಕಾರವಾರದ ನೌಕಾನೆಲೆ ಸುತ್ತಮುತ್ತ ಅಂತೂ ಈ ಸಾಮಾನು ಕೈಯಲ್ಲಿ ಹಿಡಿಯುವುದೇ ಬೇಡ. ಗೋಕರ್ಣದಂಥ ಕಡೆ ಅಸ್ಥಿ ಬಿಡುವ, ಪಿಂಡ ಹಾಕುವ ಜಾಗದಲ್ಲಿ ನಾಣ್ಯ ಹುಡುಕುತ್ತಾ ಕೂತರೆ ಜಗಳ ಖಚಿತ, ಅದರಲ್ಲಿ ತಪ್ಪೂ ಹುಡುಕುವವರದ್ದೇ. ಹಗಲಲ್ಲೇ, ಕಳಕೊಂಡವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಲೈಫ್‌ಗಾರ್ಡ್ ಅಥವಾ ಠಾಣೆಗೆ ಒಂದು ಮಾತು ಹೇಳಿ ಹುಡುಕಿದರೆ ಯಾರೂ ಕೇಳುವುದಿಲ್ಲ.

ಸಿಕ್ಕಿದ್ದು ಯಾರದು?

ಹುಡುಕಿದವರದ್ದಲ್ಲ. ಕಳಕೊಂಡವರ ವಸ್ತು ಸಿಕ್ಕಿದ ಮೇಲೆ, ಮಾಲೀಕರು ಯಾರೆಂದು ಗೊತ್ತಿದ್ದೂ ಅಥವಾ ಪತ್ತೆ ಮಾಡಲು ಪ್ರಯತ್ನಿಸದೆಯೂ ಇಟ್ಟುಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಅಡಿ ಅಪರಾಧ ಆಗಬಹುದು. 6 ತಿಂಗಳಿಗೆ ಕಡಿಮೆ ಇಲ್ಲದಂತೆ 2 ವರ್ಷದ ತನಕ ಜೈಲು, ಜೊತೆಗೆ ದಂಡ. ಮಾಲೀಕರು ಗೊತ್ತಿಲ್ಲದ ಚಿನ್ನ ಸಿಕ್ಕರೆ ಠಾಣೆಗೆ ಒಪ್ಪಿಸಿ ಸ್ವೀಕೃತಿ ತಗೊಳ್ಳುವುದೇ ಸರಿ. ಬೋರ್ಡ್ ಹಾಕುವವರು, ವಾಟ್ಸಾಪ್ ಗ್ರೂಪಲ್ಲಿ ಹಾಕುವವರು ಉಂಗುರದ ಫೋಟೋ ಹಾಕಬಾರದು. ‘ಒಂದು ಉಂಗುರ ಸಿಕ್ಕಿದೆ’ ಅಂತ ಮಾತ್ರ ಹಾಕಿ, ಒಳಗೆ ಕೊರೆದ ಹೆಸರು, ಕಲ್ಲಿನ ಬಣ್ಣ ಅವರೇ ಹೇಳಲಿ.

ಹಳೇ ಕಾಲದ್ದು ಸಿಕ್ಕರೆ ಕಥೆ ಬೇರೆ. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ 10 ರೂಪಾಯಿ ಬೆಲೆ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕು ಅನ್ನುತ್ತದೆ. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. ನೂರು ವರ್ಷ ದಾಟಿದ ನಾಣ್ಯ, ವಿಗ್ರಹ 1972ರ ಕಾಯ್ದೆಯಡಿ ಪುರಾತನ ವಸ್ತು. ತಹಶೀಲ್ದಾರ್ ಕಚೇರಿಗೆ ತಿಳಿಸದೆ ಅಂಗಡಿಗೆ ಮಾರಲು ಹೋದರೆ ಮಾರಿದವರೂ, ಕೊಂಡವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಚಿನ್ನ ಬೆಳ್ಳಿ ಅಂಗಡಿಯವರು ಇದನ್ನು ಗಮನಿಸಬೇಕು. ಹವ್ಯಾಸ ಅಷ್ಟು ಜೋರಾಗಿರುವ ಬ್ರಿಟನ್ನಿನಲ್ಲೂ ಬಿಟ್ಟಿಲ್ಲ. ಅಲ್ಲಿ 1996ರ ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ 14 ದಿನದೊಳಗೆ ವರದಿ ಮಾಡಬೇಕು, ಮುಳುಗಿದ ಹಡಗಿನ ವಸ್ತು ಆದರೆ 28 ದಿನ. ಗಲ್ಫಲ್ಲೋ ಬೇರೆ ದೇಶದಲ್ಲೋ ಇರುವ ನಮ್ಮವರು ಅಲ್ಲಿ ಡಿಟೆಕ್ಟರ್ ಕೊಳ್ಳುವ ಮೊದಲು ಆ ದೇಶದ ನಿಯಮ ಕೇಳಿಕೊಳ್ಳಲಿ.

ಹುಡುಕಿಕೊಟ್ಟಿದ್ದಕ್ಕೆ ದುಡ್ಡು ತಗೊಳ್ಳುವುದಾದರೆ ಅಗೆಯುವ ಮೊದಲೇ ಮಾತಾಡಿಕೊಳ್ಳುವುದು ಒಳ್ಳೇದು. ಉಂಗುರ ಕೈಯಲ್ಲಿ ಹಿಡಿದು ರೇಟ್ ಹೇಳಿದರೆ ಅದು ಬೇರೆ ಥರ ಕಾಣುತ್ತದೆ.

ಬಳಸಿದ ಮೇಲೆ

ಸ್ಕೂಪನ್ನು ಸಿಹಿನೀರಲ್ಲಿ ತೊಳೆದು, ತಲೆಕೆಳಗಾಗಿ ಒಣಗಿಸಿ. 304 ಆದರೂ ಉಪ್ಪು ಕೂತ ಕಡೆ, ಅದರಲ್ಲೂ ಬೆಸುಗೆಯ ಸಂದಿಯಲ್ಲಿ, ಕಂದು ಕಲೆ ಬರುತ್ತದೆ. ನಾರಿನಿಂದ ಉಜ್ಜಿದರೆ ಹೋಗುತ್ತದೆ, ಕಬ್ಬಿಣದ ಬ್ರಷ್ ಹಾಕಬೇಡಿ, ಅದರ ಚೂರೇ ಅಂಟಿಕೊಂಡು ತುಕ್ಕು ಶುರುವಾಗುತ್ತದೆ. ತೂತಿಗೆ ಸಿಕ್ಕಿಕೊಂಡ ಚಿಪ್ಪನ್ನು ಒಂದು ಮೊಳೆಯಿಂದ ತಳ್ಳಿ ತೆಗೆಯಿರಿ. ಮರದ ಕಾವಿಗೆ ಮಳೆಗಾಲದ ಮೊದಲು ಒಮ್ಮೆ ಎಣ್ಣೆ ಹಚ್ಚಿ, ಬೋಲ್ಟ್ ಬಿಗಿ ಇದೆಯಾ ನೋಡಿ. ಡಿಟೆಕ್ಟರ್ ತಟ್ಟೆಯ ಕವರ್ ಒಳಗೂ ಮರಳು ಸೇರಿರುತ್ತದೆ, ಅದನ್ನೂ ಬಿಚ್ಚಿ ತೊಳೆಯಬೇಕು. ಬ್ಯಾಟರಿ ಹಾಕಿ ವರ್ಷಗಟ್ಟಲೆ ಇಡಬೇಡಿ, ಸೋರಿ ಹಾಳಾಗುತ್ತದೆ.